ಅಮ್ಮನ ಕಾಡಿನ ಉತ್ತರಾಣಿ

ಲಿಂಗಣ್ಣನ ಮಾನ ಹೋದದ್ದು ಉತ್ತರಾಣಿ ಬೀಜದಿಂದ. ಮಗಳು ಪುಟ್ಟಲಕ್ಷ್ಮಿಯ ಮದುವೆಯ ಮಾತು ಗಟ್ಟಿಮಾಡಿ ಎಲೆಯಡಿಕೆ ಬದಲಾಯಿಸಿಕೊಳ್ಳಲು ಹನಗೋಡಿನಿಂದ ಗಂಡಿನ ಮನೆಗೆ ಹೊರಟವನು, ಹೊತ್ತು ಮೀರೀತೆಂದು ದೇವರಕಾಡಿನ ಕಾಲುಹಾದಿ ಹಿಡಿದಿದ್ದ. ಈಗಾಗಲೇ ಎರಡು ಸಂಬಂಧ ಮುರಿದಿದ್ದವು. ಇದೂ ತಪ್ಪಿದರೆ ಹುಡುಗಿಯನ್ನು ಕೇಳುವವರೇ ಇರಲಿಲ್ಲ. ನೆರೆಮನೆಯ ಸಣ್ಣತಾಯಮ್ಮ ಕರೆಯದಿದ್ದರೂ ಜೊತೆಗೆ ಬಂದಿದ್ದಳು.

ಆ ಪುಟ್ಟ ಕಾಡಿನ ಕಟ್ಟಳೆಯನ್ನು ಸುತ್ತಲಿನವರೆಲ್ಲ ಬಲ್ಲರು: ಮೆಟ್ಟು ಕಳಚಿ ಒಳಹೊಗಬೇಕು, ಹೊರಬರುವಾಗ ಕಾಡಿನ ದೇವತೆ ಅಮ್ಮನ ಸೊತ್ತಾದ ಒಂದೆಲೆಯೂ ಜೊತೆಗೆ ಬರಕೂಡದು.

ನಡುಹಾದಿಯಲ್ಲಿ ಬೇರು ಎಡವಿ ಲಿಂಗಣ್ಣ ಪೊದೆಗೆ ಉರುಳಿದ. ಎದ್ದಾಗ ಜರಿಯಂಚಿನ ಪಂಚೆಯ ತುಂಬ ಉತ್ತರಾಣಿ ಬೀಜ, ಬೆಲ್ಲಕ್ಕೆ ಮುತ್ತಿದ ಇರುವೆಯಂತೆ.

ಎಲ್ಲೆಕಲ್ಲಿನ ಬಳಿ ಸಣ್ಣತಾಯಮ್ಮ ಅಡ್ಡ ನಿಂತಳು. "ಕಲ್ಲು ದಾಟ್ಬ್ಯಾಡ ಕಣಪ್ಪೋ! ಅಮ್ಮನ ಬೀಜ ಒತ್ಕೊಂಡೋದ್ರೆ ಮನೆ ಉದ್ಧಾರ ಆದಾತಾ?"

ಇಬ್ಬರೂ ಕೂತು ಕಿತ್ತರು. ಪಂಚೆಯಿಂದ ಕಿತ್ತದ್ದು ಅಂಗಿಗೆ, ಅಂಗಿಯದು ಅವಳ ಸೆರಗಿಗೆ, ಸೆರಗಿನದು ಮತ್ತೆ ಪಂಚೆಗೆ. ಬಡವನ ಅರ್ಜಿಯಂತೆ ಕೈಯಿಂದ ಕೈಗೆ ಅಲೆಯಿತೇ ಹೊರತು ತೀರಲಿಲ್ಲ.

ದನ ಹೊಡೆದುಕೊಂಡು ಬಂದ ಅಂಕಯ್ಯನೂ ಪಂಚಾಯಿತಿಗೆ ನಿಂತ. "ಪಂಚೇನೇ ಅಮ್ಮಂಗೆ ಬುಟ್ಬುಡು ಕಣ್ಲಾ. ಎಗಲ ಮ್ಯಾಲೆ ವಲ್ಲಿಬಟ್ಟೆ ಐತಲ್ಲ, ಸುತ್ಕೊ."

"ಬೀಗರ ಮನೆಗೆ ವಲ್ಲಿಬಟ್ಟೇಲಿ ಓಗ್ಲಾ?"

"ಮತ್ತೆ ಅಮ್ಮನ ಶಾಪ ಉಟ್ಕೊಂಡು ಓಯ್ತೀಯಾ?"

ಅಂಗಿ, ಸೆರಗಿನ ಬೀಜವನ್ನೂ ಅಂಟಿಸಿಕೊಂಡು ಪಂಚೆ ಪೊದೆಯ ಪಾಲಾಯಿತು.

ಬೀಗನಾಗಬೇಕಿದ್ದ ಗೋವಿಂದಯ್ಯ ಆ ಕಾಡಿನ ಕಟ್ಟಳೆ ಕಾಯುವ ಯಜಮಾನ. ಅವನ ಜಗುಲಿಯಲ್ಲಿ ಲಿಂಗಣ್ಣನ ಬರಿಯ ಮೊಣಕಾಲು ಕಂಡು ನೆಂಟರು ಕಿಸಕ್ಕೆಂದರು. ಯಜಮಾನನ ಹುಬ್ಬು ಗಂಟಾಯಿತು. ಸಣ್ಣತಾಯಮ್ಮ ನಡೆದುದನ್ನೆಲ್ಲ ಒದರಿದಳು.

ಗೋವಿಂದಯ್ಯನ ಮುಖ ಅರಳಿತು. "ಬೀಜಕ್ಕೆ ಪಂಚೆ ಬುಟ್ಟ ಪುಣ್ಯಾತ್ಮ! ನಿಮ್ಮಂಥ ಸತ್ಯವಂತರ ಸಂಬಂಧಾನೇ ನಮಗೆ ಬೇಕಾಗಿತ್ತು ಕಣ್ರೀ. ತನ್ರೋ ಎಲೆಯಡಿಕೆ ತಟ್ಟೆ!"

ಲೋಕದಲ್ಲಿ ಧರ್ಮ ಇನ್ನೂ ಉಸಿರಾಡುತ್ತಿದೆಯೆಂದು ಲಿಂಗಣ್ಣನ ಕಣ್ಣು ತುಂಬಿತು. ಜಗುಲಿಯ ಹೊಸ ಕಂಬಕ್ಕೆ ಒರಗಿ ನೆಮ್ಮದಿಯಾಗಿ ಕುಳಿತ.

ಗೋವಿಂದಯ್ಯ ಅವನ ಕಿವಿಯತ್ತ ಬಾಗಿದ. "ನೀವು ಒರಗಿದ್ದೀರಲ್ಲ, ಆ ಕಂಬ ಅಮ್ಮನ ಕಾಡಿನ ಹೊನ್ನೆ. ಬಾಗ್ಲು, ತೊಲೆ ಎಲ್ಲಾ ಅದೇ ಮರ. ಯಾವನೋ ಅರ್ಜಿ ಆಕವ್ನೆ, ನಾಳೆ ಅಮಲ್ದಾರ್ರು ಬತ್ತಾರೆ. ಮರ ಗಾಳಿಗೆ ತಾನೇ ಬಿತ್ತು, ನಾನೇ ಕಂಡೆ ಅಂತ ಅಮ್ಮನ ಮ್ಯಾಲೆ ಆಣೆ ಮಾಡ್ಬುಡಿ. ಬೀಜಕ್ಕೆ ಪಂಚೆ ಬುಟ್ಟೋರ ಮಾತ್ನ ಸುಳ್ಳು ಅಂತ ಯಾವನು ಅಂತಾನೆ?"

ಕೆಂಡ ತಗುಲಿದವನಂತೆ ಲಿಂಗಣ್ಣ ಕಂಬ ಬಿಟ್ಟು ನೆಟ್ಟಗಾದ. ಊರವರು ಒಂದೆಲೆ ಕಿತ್ತರೆ ದಂಡ ಹಾಕುವವನು ಕಾಡನ್ನೇ ಮನೆಯಾಗಿ ನಿಲ್ಲಿಸಿದ್ದ!

"ಆಗಾಕಿಲ್ಲ ಬೀಗರೇ," ಎಂದ.

"ಯಾರಿಗ್ರೀ ಬೀಗ? ತಟ್ಟೆ ಒಳೀಕೆ ತಗೊಂಡೋಗ್ರೋ!"

ಲಿಂಗಣ್ಣ ವಲ್ಲಿಬಟ್ಟೆ ಬಿಗಿಹಿಡಿದು ಜಗುಲಿಯಿಳಿದ. ಸಣ್ಣತಾಯಮ್ಮ ಎದೆ ಬಡಿದುಕೊಳ್ಳುತ್ತ ಹಿಂದೆಯೇ ಓಡಿಬಂದಳು.

"ಅಯ್ಯೋ ಪೆದ್ದಪ್ಪಾ! ಬೀಜ ನಿನ್ನ ಮೈಗಂಟಿತ್ತು, ಅದಕ್ಕೆ ಪಾಪ ಅಂದೆ. ಮರ ಅವ್ರ ಮನೇಗಂಟೈತೆ, ನಿಂಗೇನಪ್ಪ ಅದ್ರಿಂದ?"