ಪೇಟಿಗೆ ಒಲಿಯದ ಅಪ್ಪ

ನಾನು ನಿಂತಿದ್ದದ್ದು ನಮ್ಮ ಬಚ್ಚಲುಮನೆಯ ಹೊಸ್ತಿಲಲ್ಲಿ, ಬಲಗಾಲು ಒಳಗೆ, ಎಡಗಾಲು ಹೊರಗೆ. ಕೈಯಲ್ಲಿ ನೀರು ತುಂಬಿದ ತಂಬಿಗೆ. ಸಮಯ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಕುರುಗೋಡಿನ ಬಸ್ಸು ಹಿಡಿಯಬೇಕಾದವನಾದ್ದರಿಂದ ಆ ಹೊತ್ತಿನಲ್ಲಿ ಗಡಿಯಾರ ನೋಡದೆ ನಾನು ಹೆಜ್ಜೆ ಇಡುತ್ತಿರಲಿಲ್ಲ. ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳು ಅವು. ನಾನು ನಿಂತಲ್ಲಿಂದ ನಡುಮನೆಯ ಕಿಟಕಿ, ಅದರ ಕೆಳಗಿನ ಮಂಚ, ಮಂಚದ ಮೇಲಿದ್ದ ಅಪ್ಪ, ಮೂರೂ ಅಡ್ಡಿಯಿಲ್ಲದೆ ಕಾಣುತ್ತಿದ್ದವು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದಿನ ಮಾತಿನಲ್ಲಿ ನನ್ನ ಹೊಟ್ಟೆಕಿಚ್ಚು ಬೆರೆತಿದೆ. ಹೊಟ್ಟೆಕಿಚ್ಚಿನವನ ಸಾಕ್ಷಿಯನ್ನು ಯಾರೂ ಸುಲಭವಾಗಿ ನಂಬಬಾರದು. ಕಂಡದ್ದು ಇಷ್ಟು: ಎರಡು ತಿಂಗಳಿಂದ ಒಂದು ಮಾತೂ ಆಡದಿದ್ದ ನನ್ನ ಅಪ್ಪ ಹಾಡುತ್ತಿದ್ದ. ಬರೀ ರಾಗವಲ್ಲ, ಮಾತು ಮಾತನ್ನೂ ಬಿಡಿಸಿ ಹಾಡುತ್ತಿದ್ದ. ಅದೂ ನನ್ನ ಜೊತೆಗಲ್ಲ, ಎದುರಿನ ಖಾಲಿ ಜಾಗದಲ್ಲಿ ಲಾರಿ ತೊಳೆಯುತ್ತಿದ್ದ ಮಾಬುಸಾಬನ ಜೊತೆಗೆ.

ನಾನು ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದೆ. ಸಂಗೀತದ ಮೇಷ್ಟ್ರೆಂದರೆ ಪರೀಕ್ಷೆ ಹತ್ತಿರವಿದ್ದಾಗ ಗಣಿತದವರಿಗೂ, ದೂರವಿದ್ದಾಗ ಡ್ರಿಲ್ಲಿನವರಿಗೂ ತನ್ನ ಪಿರಿಯಡ್ಡು ಬಿಟ್ಟುಕೊಡುವವನು. ಆದರೂ ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ, ಸಂಗೀತಕ್ಕೆ ಮನಸ್ಸನ್ನು ತಿದ್ದುವ ಶಕ್ತಿಯಿದೆ ಎಂದು ನಾನು ತಪ್ಪದೆ ಭಾಷಣ ಮಾಡುತ್ತಿದ್ದೆ. ‘ನಿಮ್ಮ ಪಾಠ ಆದ ಮ್ಯಾಲ ಹುಡುಗ್ರು ಭಾಳ ಶಾಂತ ಇರ್ತಾರ್ರೀ’ ಎಂದು ಹೆಡ್ಮಾಸ್ತರರು ಒಮ್ಮೆ ಹೇಳಿದ್ದನ್ನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅರ್ಧ ತರಗತಿ ನಿದ್ದೆ ಹೋಗಿರುತ್ತದೆ ಎಂಬುದು ಗೊತ್ತಾದದ್ದು ಆಮೇಲೆ, ಒಮ್ಮೆ ಕಣ್ಣು ಮುಚ್ಚದೆ ಹಾಡಿದಾಗ. ಅಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರಾಗಿದ್ದು, ಕೆಲಸ ಬಿಟ್ಟ ಮೇಲೆ ನಮ್ಮ ಜೊತೆ ಬಳ್ಳಾರಿಯಲ್ಲಿದ್ದ. ಲಕ್ವ ಹೊಡೆದು ಅವನ ಬಲಗೈಯೂ ಬಲಗಾಲೂ ಮಾತೂ ಒಟ್ಟಿಗೆ ಹೋದವು. ‘ಆಂ’ ಎಂಬುದೊಂದೇ ಉಳಿದಿತ್ತು. ಹಸಿವಿಗೂ ಅದೇ, ಸಿಟ್ಟಿಗೂ ಅದೇ.

ಡಾಕ್ಟರು ನಮ್ಮ ಕಡೆಯವರೇ. ‘ಮಿದುಳಿನಾಗ ಮಾತಿನ ಜಾಗಕ್ಕ ಪೆಟ್ಟು ಬಿದ್ದೈತ್ರಿ. ಆದ್ರ ಹಾಡು ಅದೊಂದ ಜಾಗ ನೆಚ್ಚಿಕೊಂಡಿಲ್ಲ, ಮಿದುಳಿನ ಇನ್ನೊಂದ ಮಗ್ಗುಲೂ ಕೆಲಸ ಮಾಡ್ತೈತಿ. ಮಾತು ಬರದೋರು ಒಮ್ಮೊಮ್ಮೆ ಹಾಡಿಬಿಡ್ತಾರ. ಅವರಿಗೆ ಗೊತ್ತಿರೋ ಹಾಡು ಹಾಡ್ರಿ, ನೋಡೋಣ’ ಎಂದರು. ‘ಹಾಡ್ರಿ’ ಎಂಬುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ‘ಗೊತ್ತಿರೋ’ ಎಂಬುದನ್ನು ಆಸ್ಪತ್ರೆಯಲ್ಲಿಯೇ ಬಿಟ್ಟು ಬಂದೆ. ಮರುದಿನವೇ ಪೇಟಿ ಹೊರಬಂತು. ಹಾರ್ಮೋನಿಯಮ್ಮಿಗೆ ನಾವು ಪೇಟಿ ಅನ್ನುತ್ತೇವೆ. ಬೆಳಿಗ್ಗೆ ಭೈರವ, ಸಂಜೆ ಯಮನ್. ಅಪ್ಪ ಮೊದಲ ದಿನ ಪೇಟಿಯನ್ನು ನೋಡಿದ, ಎರಡನೆಯ ದಿನ ಸೂರನ್ನು ನೋಡಿದ, ಮೂರನೆಯ ದಿನದಿಂದ ಗೋಡೆಗೆ ಮುಖ ಮಾಡಿದ. ರಾಗ ಒಳಗೆ ಇಳಿಯುತ್ತಿದೆ ಎಂದು ನಾನು ತಿಳಿದೆ. ‘ಮಾವಾರಿಗೆ ಎದ್ದು ಹೋಗಾಕ ಬರಂಗಿಲ್ಲ ಅಂತ ಹಿಂಗ ಮಾಡಬಾರ್ದುರಿ’ ಎಂದಳು ಹೆಂಡತಿ ಗಿರಿಜಾ. ನನಗೆ ಬೇಕಾಗಿದ್ದದ್ದು ಒಂದೇ, ಅಪ್ಪನ ಬಾಯಿಂದ ಮಾತು ಬರಬೇಕು, ಅದು ನನ್ನಿಂದ ಬರಬೇಕು. ಇದರಲ್ಲಿ ಎರಡನೆಯದು ಯಾವಾಗ ಮೊದಲನೆಯದಕ್ಕಿಂತ ದೊಡ್ಡದಾಯಿತೋ ನನಗೆ ತಿಳಿಯಲಿಲ್ಲ.

ಮಾಬುಸಾಬ ಅದಿರಿನ ಲಾರಿಯ ಡ್ರೈವರು, ಎದುರುಮನೆಯವನು. ಹಿಂದೊಮ್ಮೆ, ‘ಮೇಷ್ಟ್ರೇ, ನನಗೂ ಒಂದೀಟು ಪೇಟಿ ಕಲಸ್ರಿ’ ಎಂದು ಬಂದಿದ್ದ. ಎರಡು ಸಾಲು ಹಾಡಿಸಿ ನೋಡಿ, ‘ನಿನ್ನ ದನಿ ಯಾವ ಸ್ವರದ ಮ್ಯಾಲೂ ಕುಂದ್ರಂಗಿಲ್ಲಪಾ’ ಎಂದಿದ್ದೆ. ‘ಹೋಗ್ಲಿ ಬಿಡ್ರಿ, ಲಾರ್ಯಾಗ ಕುಂತಿರ್ತೈತಿ’ ಎಂದು ನಗುತ್ತ ಹೋಗಿದ್ದ. ಆ ಬೆಳಿಗ್ಗೆ ಅವನು ಹಾಡುತ್ತಿದ್ದದ್ದು ಅಲಾಯಿ ಪದ, ಮೊಹರಮ್ಮಿನ ಪೀರಲ ಹಬ್ಬದಲ್ಲಿ ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹೇಳುವಂಥದು. ಆ ಪದದಲ್ಲಿ ಯುದ್ಧಕ್ಕೆ ಹೊರಟ ಮಗನನ್ನು ತಾಯಿ ಬಾಗಿಲಲ್ಲಿ ತಡೆದು ಮಾತಾಡಿಸುತ್ತಾಳೆ. ಅಪ್ಪ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತ ತಾಯಿಯ ಮಾತನ್ನೂ ಮಗನ ಮಾತನ್ನೂ ಹಾಡಿದ. ಮಾಬುಸಾಬ ಶ್ರುತಿಗಿಂತ ಅರ್ಧ ಸ್ವರ ಕೆಳಗಿದ್ದ. ಅಪ್ಪ ಅವನಿಗಿಂತ ಇನ್ನಷ್ಟು ಕೆಳಗೆ. ನಾನು ಮೊದಲು ಗಮನಿಸಿದ್ದು ಅದನ್ನು. ಅಪ್ಪನ ಬಾಯಲ್ಲಿ ಮಾತು ಬಂತು ಎಂಬುದನ್ನು ಆಮೇಲೆ. ಪದ ಮುಗಿದಾಗ ಅಪ್ಪ ಕಿಟಕಿಯ ಕಡೆ ನೋಡಿ ನಕ್ಕ. ಅನಂತರ ನನ್ನನ್ನು ಕಂಡು ಬಾಯಿ ಮುಚ್ಚಿಕೊಂಡ.

ಮರುದಿನ ಆ ಕಿಟಕಿಯನ್ನು ಮುಚ್ಚಿದೆ. ‘ಧೂಳು’ ಎಂದೆ. ಬೈಪಾಸಿನ ಹತ್ತಿರದ ನಮ್ಮ ಓಣಿಯಲ್ಲಿ ಒಗೆದ ಬಿಳಿ ಅಂಗಿ ಹಗ್ಗದ ಮೇಲೆಯೇ ಕೆಂಪಾಗುತ್ತಿದ್ದ ಕಾಲ. ಧೂಳಿನ ಮೇಲೆ ಏನು ಹೊರಿಸಿದರೂ ಅದು ಹೊರುತ್ತಿತ್ತು. ನಾಲ್ಕು ದಿನ ನಾನು ಪೇಟಿ ಮುಂದಿಟ್ಟುಕೊಂಡು ಅದೇ ಪದವನ್ನು ಶುದ್ಧ ಮಾಡಿ, ಒಂದು ರಾಗಕ್ಕೆ ಕೂರಿಸಿ ಹಾಡಲು ನೋಡಿದೆ. ಮಾತುಗಳು ಅರ್ಧಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅಪ್ಪ ‘ಆಂ’ ಎನ್ನುವುದನ್ನೂ ನಿಲ್ಲಿಸಿದ. ಗಂಜಿ ಕುಡಿಯಲು ಬಾಯಿ ತೆರೆಯಲಿಲ್ಲ. ಐದನೆಯ ದಿನ ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ‘ಹಿತ್ಲ ಕಿಟಕಿ ತಗದೈತಿ, ಬಾಗ್ಲಾ ತಗದೈತಿ. ಧೂಳು ಇದೊಂದ ಕಿಟಕ್ಯಾಗ ಬರ್ತೈತೇನ್ರಿ?’ ಎಂದಳು. ನಾನು ಪೇಟಿಯ ಮುಚ್ಚಳ ಹಾಕಿದೆ. ‘ಮಾವಾರು ಮಾತಾಡೋದು ಬ್ಯಾಡೇನು ನಿಮಗ?’ ಎಂದಳು. ದನಿ ಏರಿಸಲಿಲ್ಲ. ಅಷ್ಟು ಮೆಲ್ಲಗೆ ಯಾರೂ ನನ್ನನ್ನು ಹಿಂದೆಂದೂ ಹೊಡೆದಿರಲಿಲ್ಲ.

ಅಂದು ಸಂಜೆಯೇ ಹೋದೆ. ಮಾಬುಸಾಬ ಲಾರಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಪಾದಗಳಷ್ಟೇ ಕಾಣುತ್ತಿದ್ದವು. ಅವನ ಪಾದಗಳೊಂದಿಗೆ ಮಾತಾಡಬೇಕಾಗಿ ಬಂದದ್ದು ನ್ಯಾಯವೇ. ‘ಆ ಪದ ಈಗ ಹಾಡೋದಿಲ್ಲೇನು?’ ಎಂದೆ. ‘ನೀವು ಕಿಟಕಿ ಹಾಕಿದ್ರಲ್ಲ, ನನ್ನ ದನಿ ತಾತಗ ತ್ರಾಸ ಆತೇನೋ ಅಂತ ಬಿಟ್ನಿರಿ’ ಎಂದವು ಪಾದಗಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ಕಿಟಕಿ ಯಾಕೆ ಮುಚ್ಚಿದೆ ಎಂಬುದನ್ನೂ ಸೇರಿಸಿ. ಅವನು ಹೊರಗೆ ತೆವಳಿ ಬಂದು ಕೂತ. ಬೈಯುತ್ತಾನೆ ಎಂದುಕೊಂಡರೆ, ‘ನಿಮಗ ಗೊತ್ತ ಇಲ್ಲೇನ್ರಿ? ಸಿರುಗುಪ್ಪದಾಗ ನಮ್ಮ ಅಬ್ಬಾ ಪದ ಹೇಳ್ತಿದ್ರ, ನಿಮ್ಮಪ್ಪ ಮುಂದಿನ ಸಾಲಿನಾಗ ಹೆಜ್ಜಿ ಹಾಕ್ತಿದ್ದ. ಮಿಲ್ಲಿನಿಂದ ಹಂಗ ಬರ್ತಿದ್ದ, ಮೈ ತುಂಬ ತೌಡು. ನಾವೆಲ್ಲ ತೌಡಿನ ಬಸಣ್ಣ ಅಂತಿದ್ವಿ’ ಎಂದ. ಕೈಯ ಗ್ರೀಸು ಒರೆಸಿಕೊಳ್ಳುತ್ತ, ‘ನೀವು ಪೇಟಿ ಹಿಡದ ಮ್ಯಾಲ ಮನ್ಯಾಗ ಹಾಡಾಕ ನಾಚಿಕಿ ಬರ್ತೈತಿ ಅಂತ ಒಮ್ಮೆ ಅಂದಿದ್ದ’ ಎಂದ. ಆ ವರ್ಷಗಳಲ್ಲಿ ನಾನು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಹಬ್ಬಕ್ಕೆ ಊರಿಗೆ ಬರುತ್ತಿರಲಿಲ್ಲ. ಲಾರಿ ತೊಳೆಯುವ ಈ ಮನುಷ್ಯನ ಬಳಿ ನನ್ನ ಅಪ್ಪ ಒಬ್ಬನಿದ್ದ, ಕುಣಿಯುವವನು. ನನ್ನ ಬಳಿ ಇದ್ದವನು ಗೋಡೆ ನೋಡುತ್ತಿದ್ದ.

ಕಿಟಕಿ ತೆರೆಯಿತು. ಮಾಬುಸಾಬ ಇದ್ದ ಬೆಳಿಗ್ಗೆಗಳಲ್ಲಿ ಅಪ್ಪ ಹಾಡಿದ, ಗಂಜಿಯನ್ನೂ ಕುಡಿದ. ಅವನು ಲೋಡಿಗೆ ಹೋದ ದಿನಗಳಲ್ಲಿ ಮತ್ತೆ ಮೌನ. ಹಾಡು ಬಂದರೂ ಮಾತು ಬಂದಿರಲಿಲ್ಲ. ಕೊನೆಗೆ ನಾನೇ, ‘ನನಗ ಆ ಪದ ಕಲಸು’ ಎಂದೆ. ‘ನಿಮ್ಮ ದನಿ ಕುಂದ್ರತೈತೋ ಇಲ್ಲೋ ನೋಡಬೇಕಲ್ರಿ’ ಎಂದು ಅವನು ಗಂಭೀರವಾಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎಂಟು ದಿನ, ಲಾರಿಯ ಮರೆಯಲ್ಲಿ, ನಲವತ್ತನಾಲ್ಕು ವರ್ಷದ ನಾನು ಪ್ಯಾಂಟು ಮಡಿಸಿಕೊಂಡು ಮೂರು ಹೆಜ್ಜೆ ಮುಂದೆ ಹೋಗಿ ನಿಂತೆ, ಮತ್ತೆ ಮೂರು ಹೆಜ್ಜೆ, ಮತ್ತೆ ನಿಂತೆ. ‘ಗಂಟಲಾ ಬಿಡ್ರಿ ಮೇಷ್ಟ್ರೇ, ಕಾಲು ನೋಡ್ರಿ. ಸಾಲು ಮುಗಿದಲ್ಲಿ ಬಾಯಿ ಸುಮ್ಮನಿರಬೇಕು, ಕಾಲು ಮಾತಾಡಬೇಕು’ ಎನ್ನುತ್ತಿದ್ದ. ಬಾಯಿ ಸುಮ್ಮನಿರಬೇಕಾದ ಸಂಗೀತವನ್ನು ನನಗೆ ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಅಪ್ಪ ಮಂಚದ ಮೇಲೆ ಒರಗಿ ಕೂತಿದ್ದ. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ಗಂಜಿಯ ಲೋಟ ಹಿಡಿದು ನಿಂತಿದ್ದಳು. ಮಾಬುಸಾಬ ಹೊರಗಿನಿಂದ ಕಿಟಕಿಯ ಸರಳು ಹಿಡಿದು ನಿಂತಿದ್ದ, ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟು. ನಾನು ಪೇಟಿಯಿಲ್ಲದೆ ಹಾಡಿದೆ. ಅಪ್ಪ ಪಟ್ಟಿ ಬಡಿದ, ದನಿಗೂಡಿಸಲಿಲ್ಲ. ಮೊದಲ ಸಾಲು ಸರಿಯಾಯಿತು. ಎರಡನೆಯ ಸಾಲು ಮುಗಿದಲ್ಲಿ ಸುಮ್ಮನಿರಬೇಕಾದ ನನ್ನ ಗಂಟಲು, ಇಪ್ಪತ್ತು ವರ್ಷದ ಚಾಳಿ, ಒಂದು ಸಣ್ಣ ತಾನ್ ಎಳೆಯಿತು. ಅಪ್ಪನ ಎಡಗೈ ಗಾಳಿಯಲ್ಲಿಯೇ ನಿಂತಿತು. ಅವನು ಹಾಡಲಿಲ್ಲ. ಹೇಳಿದ. ತೊದಲುತ್ತ, ಒಂದೊಂದೇ ಮಾತನ್ನು ಎತ್ತಿಡುತ್ತ ಹೇಳಿದ: ‘ತಪ್ಪು ಲೇ. ಅಲ್ಲಿ... ಹೆಜ್ಜಿ ಐತಿ.’

ಲೋಟದ ಗಂಜಿ ಗಿರಿಜಾಳ ಕಾಲಮೇಲೆ ಚೆಲ್ಲಿತು. ‘ನಾನೂ ಅದನ್ನ ಬಡಕೊಂಡಿದ್ನಿ ತಾತ!’ ಎಂದು ಮಾಬುಸಾಬ ಕೊಟ್ಟ ಮಾತು ಮುರಿದ. ಅಪ್ಪ ಆಮೇಲೆ ಮೂರು ವರ್ಷ ಬದುಕಿದ್ದ, ಅರೆಬರೆ ಮಾತಾಡಿದ. ಆ ಮಾತುಗಳಲ್ಲಿ ಬಹುಪಾಲು ನನ್ನ ತಪ್ಪುಗಳನ್ನು ಕುರಿತವು; ನಾನು ಸಾಕಷ್ಟು ಒದಗಿಸುತ್ತಲೂ ಇದ್ದೆ.

ಅಂದು ಅಲ್ಲಿದ್ದವರಲ್ಲಿ ನಾನಲ್ಲದೆ ಇನ್ನಿಬ್ಬರು ಬದುಕಿದ್ದಾರೆ. ಮಾಬುಸಾಬ ಈಗ ಲಾರಿ ಬಿಟ್ಟು ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾನೆ. ಅಪ್ಪನ ಆ ಮೊದಲ ಮಾತು ಕಿಟಕಿಯ ಕಡೆ ನೋಡಿ ಆಡಿದ್ದು, ಶಿಷ್ಯನನ್ನು ಸರಿಯಾಗಿ ತಯಾರು ಮಾಡಲಿಲ್ಲ ಅಂತ ತನ್ನನ್ನು ಬೈದದ್ದು ಎಂದು ಅವನು ಇವತ್ತಿಗೂ ಸಿಕ್ಕಸಿಕ್ಕವರಿಗೆ ಹೇಳುತ್ತಾನೆ. ನಾನು ಹೇಳುತ್ತೇನೆ, ಅಪ್ಪ ಬೈದದ್ದು ನನ್ನನ್ನು, ನನ್ನೊಬ್ಬನನ್ನೇ. ಇನ್ನೊಬ್ಬ ಸಾಕ್ಷಿ ಗಿರಿಜಾ, ಇಲ್ಲೇ ಒಳಗಿದ್ದಾಳೆ. ಕೇಳುವುದಾದರೆ ದಯವಿಟ್ಟು ಅವಳನ್ನೇ ಕೇಳಿ.