ಹೊತ್ತವರ ಹೊಟ್ಟೆ ಮೊದಲು

ನಮ್ಮ ಚಿಕ್ಕಪ್ಪ ದೇಶಕ್ಕಾಗಿ ಇಪ್ಪತ್ತು ವರ್ಷ ಲದ್ದಿ ಎತ್ತಿದವರು. ಇದು ನನ್ನ ಕುಹಕವಲ್ಲ, ಅವರದೇ ಮಾತು! ಮಾಗಡಿ ಪಕ್ಕದ ಕಲ್ಯದಿಂದ ಮಿಲಿಟರಿಗೆ ಸೇರಲು ಹೊರಟಾಗ ಲಾರಿ ಡ್ರೈವರ್ ಆಗಬೇಕೆಂದುಕೊಂಡಿದ್ದರು. ಅಲ್ಲಿನವರು ಇವರ ಉದ್ದನೆಯ ಕಾಲು ನೋಡಿ ಕುದುರೆ ಪಡೆಗೆ ಹಾಕಿಬಿಟ್ಟರು. ರಜಕ್ಕೆ ಬಂದಾಗಲೆಲ್ಲ ಅರಳಿಕಟ್ಟೆಯಲ್ಲಿ ಒಂದೇ ಪ್ರಶ್ನೆ, “ಎಷ್ಟು ಜನ ಶತ್ರುಗಳ್ನ ಹೊಡೆದೆ?”

“ಒಬ್ರನ್ನೂ ಇಲ್ಲ ಕಣ್ಲಾ. ಬೆಳಗಾಗೆದ್ದು ಲದ್ದಿ ಎತ್ತೋದು, ಮೈ ಉಜ್ಜೋದು, ಗೊರಸು ನೋಡೋದು, ಮೇವು ಹಾಕೋದು. ಅಷ್ಟೊತ್ತಿಗೆ ಸಂಜೆ. ಶತ್ರು ಬಂದಿದ್ರೂ ಒಸಿ ತಡ್ಕಳಪ್ಪ ಅನ್ಬೇಕಿತ್ತು!”

ಪೆನ್ಶನ್ ಪಡೆದು ಊರಿಗೆ ಬಂದರು, ಎರಡು ಹಸು ಕಟ್ಟಿದರು, ಒಂದು ಮೊಪೆಡ್ ಕೊಂಡರು. ಕುದುರೆಯಿಂದ ಮಾತ್ರ ಇಳಿಯಲಿಲ್ಲ. ಕುದುರೆಯ ಹಾಗೆ ಮೊಪೆಡ್ಡನ್ನೂ ಎಡಗಡೆಯಿಂದಲೇ ಹತ್ತಬೇಕು, ಎಡಗಡೆ ಚರಂಡಿ ಇದ್ದರೂ ಸರಿಯೇ. ಮಾಗಡಿಯಿಂದ ಬರುವಾಗ ಊರು ಇನ್ನು ಎರಡು ಫರ್ಲಾಂಗ್ ಇದೆ ಎನ್ನುವಾಗ ಇಳಿದು ತಳ್ಳಿಕೊಂಡೇ ಬರುತ್ತಾರೆ. ಹೊಸಬರು ಅಯ್ಯೋ ಪಾಪ ಎಂದು ಗಾಡಿ ನಿಲ್ಲಿಸುತ್ತಾರೆ.

“ಯಜಮಾನ್ರೇ, ಪೆಟ್ರೋಲ್ ಖಾಲಿ ಆಯ್ತಾ?”

“ಇಲ್ಲಪ್ಪ, ಬಿಸಿಯಾಗೈತೆ. ಬೆವರ್ಕಂಡು ಬಂದಿದ್ದನ್ನ ಹಂಗೇ ಕೊಟ್ಗೆಲಿ ನಿಲ್ಸುದ್ರೆ ಶೀತ ಆಯ್ತದೆ!”

ಇದಕ್ಕೆಲ್ಲ ಮೂಲ, ಪಡೆಯಲ್ಲಿ ಅವರು ಕಲಿತ ಒಂದು ನಿಯಮ. ಹೊತ್ತವರ ಹೊಟ್ಟೆ ಮೊದಲು, ಕೂತವನದು ಆಮೇಲೆ. ಕುದುರೆ ಮೇವು ತಿಂದು ನೀರು ಕುಡಿಯುವವರೆಗೆ ಸವಾರ ಅನ್ನ ಮುಟ್ಟುವಂತಿಲ್ಲ. ಊರಿಗೆ ಬಂದ ಮೇಲೆ ಕುದುರೆಯ ಜಾಗಕ್ಕೆ ಹಸು ಬಂದವು, ಅಷ್ಟೇ. ಚಿಕ್ಕಮ್ಮ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದ ಗಳಿಗೆಗೆ ಸರಿಯಾಗಿ ಇವರು ಹುಲ್ಲು ಹಿಡಿದು ಕೊಟ್ಟಿಗೆಗೆ! ವಾಪಸು ಬರುವಷ್ಟರಲ್ಲಿ ಮುದ್ದೆ ಕಲ್ಲು.

“ಹಸ ಏನು ನಿಮ್ಮನ್ನ ಹೊತ್ಕಂಡು ತಿರುಗ್ತಾ?” ಎಂದು ಚಿಕ್ಕಮ್ಮ ಸಿಡುಕುತ್ತಿದ್ದರು.

“ಹಾಲಲ್ಲಿ ಮನೆ ನಡೀತೈತಲ್ಲ, ಹೊತ್ತಂಗೇ ಲೆಕ್ಕ.”

ಚಿಕ್ಕಮ್ಮ ಕೇಳಿದ್ದು ಒಡವೆಯಲ್ಲ, ಕಾಶಿಯಾತ್ರೆಯಲ್ಲ. ಗಂಡ ಒಂದು ದಿನವಾದರೂ ಜೊತೆಗೆ ಕೂತು ಬಿಸಿ ಮುದ್ದೆ ಉಣ್ಣಬೇಕು, ಅಷ್ಟೇ! ಅದೇ ಆಗಲಿಲ್ಲ. ಸಾಲದ್ದಕ್ಕೆ ಚಿಕ್ಕಪ್ಪನ ಪರ್ಸಿನಲ್ಲಿರುವ ಏಕೈಕ ಫೋಟೋ ಬಿಜಲಿ ಎಂಬ ಕುದುರೆಯದು. “ನೋಡ್ಲಾ ಮಗಾ, ಇಪ್ಪತ್ತು ವರ್ಸ ದೂರದಲ್ಲಿದ್ದ ಸವತಿ!” ಎಂದು ಚಿಕ್ಕಮ್ಮ ಅದನ್ನು ನನಗೆ ಎಷ್ಟು ಸಲ ತೋರಿಸಿದ್ದಾರೋ.

ನನ್ನ ತಮ್ಮನ ಮದುವೆ ನಡೆದದ್ದು ಸಾವನದುರ್ಗದಲ್ಲಿ. ಫೋಟೋ ಚೆನ್ನಾಗಿ ಬರಲೆಂದು ಮದುಮಗನಿಗೆ ಬಾಡಿಗೆ ಕುದುರೆ ತರಿಸಿದ್ದೆವು. ವಾದ್ಯ ಶುರುವಾಗಿತ್ತು, ಹುಡುಗಿ ಕಡೆಯವರು ಆರತಿ ಹಿಡಿದು ನಿಂತಿದ್ದರು. ಚಿಕ್ಕಪ್ಪ ಅಡ್ಡ ಬಂದು, “ಇಳಿಯೋ ಕೆಳೀಕೆ!” ಎಂದರು. ಕುದುರೆಯ ಮುಂಗಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡರೆ ಲಾಳ ಸಡಿಲ, ಗೊರಸಿನಲ್ಲಿ ಕಲ್ಲು. ಹೊಸ ರೇಷ್ಮೆ ಪಂಚೆಯಲ್ಲೇ ಕೂತು ಕಲ್ಲು ಕಿತ್ತರು. ಮದುಮಗ ನಡೆದೇ ಹೋದ. ಕುದುರೆಗೆ ಮೊದಲ ಪಂಕ್ತಿಯಲ್ಲೇ ಬೆಲ್ಲ, ಕಡಲೆ ಸಿಕ್ಕಿತು!

ಮೊನ್ನೆ ಚಿಕ್ಕಮ್ಮ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡರು. ನೋಡಲು ಹೋದೆ. ಮಂಚದ ಮೇಲೆ ಚಿಕ್ಕಮ್ಮ, ಕಾಲಿಗೆ ಸಿಮೆಂಟ್ ಕಟ್ಟು. ಚಿಕ್ಕಪ್ಪ ಆ ಕಾಲಿನ ಬೆರಳುಗಳನ್ನು ಒಂದೊಂದಾಗಿ ಒತ್ತಿ, ಊತ ಇದೆಯೇ ಎಂದು ಗೊರಸು ನೋಡುವಷ್ಟೇ ಗಂಭೀರವಾಗಿ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ, ತಾವೇ ಕಟ್ಟಿದ ಮುದ್ದೆ, ಬಸ್ಸಾರು ತಂದರು. ಹಬೆ ಆಡುತ್ತಿತ್ತು. ಕೊಟ್ಟಿಗೆಯಲ್ಲಿ ಹಸು ಎರಡೂ ಕೂಗುತ್ತಿದ್ದವು.

“ಹುಲ್ಲು ಹಾಕಿಲ್ವಾ? ಮೊದ್ಲು ಅವನ್ನ ನೋಡಿ, ಹೋಗಿ” ಎಂದರು ಚಿಕ್ಕಮ್ಮ.

“ಕೂಗ್ಲಿ ಬುಡು. ನೀನು ಉಣ್ಣು.”

“ಇದೇನು ಹೊಸ ರೂಲು?”

“ಹಳೇದೇ ಕಣಮ್ಮಿ. ಅಲ್ಲಿ ಬಿಜಲಿ ನನ್ನ ಹೊತ್ಲು. ಇಲ್ಲಿ ಅವ್ವ, ಅಪ್ಪ, ಮಕ್ಳು, ಮನೆ ಎಲ್ಲಾನೂ ಹೊತ್ತೋಳು ನೀನು. ಲೆಕ್ಕದಲ್ಲಿ ನಿಂದೇ ಮೊದ್ಲು ಬರ್ಬೇಕಿತ್ತು. ನಂಗೆ ಹೊಳೀಲಿಲ್ಲ.”

ಚಿಕ್ಕಮ್ಮ ತಟ್ಟೆ ಹತ್ತಿರ ಎಳೆದುಕೊಂಡರು. ಮುದ್ದೆ ಮುರಿದರು, ಒಂದು ತುತ್ತು ನುಂಗಿದರು. “ಬರೀ ಗಂಟು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ತಟ್ಟೆಯನ್ನು ಮಂಚದ ನಡುವಿಗೆ ಸರಿಸಿದರು.

“ಒಬ್ಳೇ ಮೇಯಕ್ಕೆ ನಾನೇನು ಕುದ್ರೆನಾ? ಕೂತ್ಕಳಿ. ಬಿಸಿ ಇರುವಾಗ್ಲೇ ಉಣ್ಣಿ.”

ಚಿಕ್ಕಪ್ಪ ಕೊಟ್ಟಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಎದ್ದು ಹೋಗಿ ಹಸುಗಳಿಗೆ ನಾನೇ ಹುಲ್ಲು ಹಾಕಿದೆ. ತಿರುಗಿ ನೋಡಿದರೆ ಚಿಕ್ಕಪ್ಪ ಮಂಚದ ತುದಿಯಲ್ಲಿ ಕೂತು, ಬೆರಳು ಸುಟ್ಟುಕೊಂಡು, ಊದಿಕೊಂಡು ಉಣ್ಣುತ್ತಿದ್ದರು.