ಬಸ್ಸಿನಲ್ಲಿ ಅಣ್ಣ ಹಿಡಿದ ಸೆರಗು

ಆಟಿಸಂ ಇರುವವರ ಬಗ್ಗೆ ನಮ್ಮ ಜನ ಹೇಳುವ ಕಥೆಗಳು ಎರಡೇ. ಒಂದು, ಇಂಥವರೊಳಗೆ ದೇವರು ಏನೋ ಒಂದು ಅಪೂರ್ವ ವಿದ್ಯೆಯನ್ನು ಬಚ್ಚಿಟ್ಟಿರುತ್ತಾನೆ, ಕೊನೆಯಲ್ಲಿ ಅದು ಹೊರಬಿದ್ದು ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಇನ್ನೊಂದು, ಇಂಥವರು ಯಾವಾಗ ಏನು ಮಾಡುತ್ತಾರೋ ಹೇಳಲಾಗದು, ಹೆಣ್ಣುಮಕ್ಕಳು ದೂರ ಇದ್ದರೆ ಒಳ್ಳೆಯದು. ಮೊದಲನೆಯದು ಸಿನಿಮಾ, ಧಾರಾವಾಹಿಗಳಿಂದ ಬಂದದ್ದು. ಎರಡನೆಯದು ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಿಂದ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ರೋಣ, ನರಗುಂದದ ವೇದಿಕೆಗಳ ಮೇಲೆ ಯಾವ ವಿಷಯ ಕೊಟ್ಟರೂ ಪರವಾಗಿ ಮಾತಾಡಿದ್ದೇನೆ, ವಿರೋಧವಾಗಿಯೂ ಮಾತಾಡಿದ್ದೇನೆ. ಒಮ್ಮೆ ಚೀಟಿ ಅದಲುಬದಲಾಗಿ ಒಂದೇ ವಿಷಯಕ್ಕೆ ಎರಡೂ ಕಡೆಯಿಂದ ಮಾತಾಡಿ ಬಂದಿದ್ದೇನೆ. ಅವ್ವನ ಪ್ರಕಾರ ನನಗೆ ರೊಟ್ಟಿ ತಿನ್ನಲಿಕ್ಕೂ ಒಬ್ಬ ಎದುರಾಳಿ ಬೇಕು. ಇರಲಿ. ಈ ಎರಡು ಕಥೆಗಳ ಬಗ್ಗೆ ನನ್ನ ವಾದ ಇಷ್ಟೇ: ಎರಡೂ ಸುಳ್ಳು. ಸಾಕ್ಷಿಗೆ ನಮ್ಮ ಮನೆಯಲ್ಲಿ ಅಣ್ಣ ಇದ್ದಾನೆ.

ಅಣ್ಣನ ಹೆಸರು ಬಸವರಾಜ, ಓಣಿಯವರ ಬಾಯಲ್ಲಿ ಬಸು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮದು ಎರಡು ಮಗ್ಗದ ಮನೆ. ಅಪ್ಪ, ಅವ್ವ ಸೀರೆ ನೇಯುತ್ತಾರೆ. ನಾನು ರೋಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅಣ್ಣ ಕಂಡಿಕೆ ಸುತ್ತುತ್ತಿದ್ದ, ಅಂದರೆ ಲಾಳಿಯೊಳಗೆ ಕೂರಿಸುವ ಪುಟ್ಟ ಕೊಳವೆಗಳಿಗೆ ನೂಲು ಸುತ್ತುವ ಕೆಲಸ. ವಯಸ್ಸು ಮೂವತ್ತು ದಾಟಿದೆ. ಮಾತು ಕಡಿಮೆ, ಕೇಳಿದ್ದಕ್ಕೆ ಉತ್ತರ ಇನ್ನೂ ಕಡಿಮೆ. ಧಾರವಾಡದ ಡಾಕ್ಟರು ಅವನದು ಆಟಿಸಂ ಎಂದು ಹೇಳುವಷ್ಟರಲ್ಲಿ ಅವನಿಗೆ ಮೀಸೆ ಬಂದಿತ್ತು. ಅಲ್ಲಿಯವರೆಗೆ ನಮಗೆ ಬಸು ಅಂದರೆ ಬಸು. ಹೋಗಲಿ, ಕಂಡಿಕೆಯನ್ನಾದರೂ ಅದ್ಭುತವಾಗಿ ಸುತ್ತುತ್ತಿದ್ದನೇ ಅಂದರೆ ಅದೂ ಇಲ್ಲ. ಸುಮಾರಾಗಿ ಸುತ್ತುತ್ತಿದ್ದ, ಆಗಾಗ ಸಿಕ್ಕು ಮಾಡುತ್ತಿದ್ದ, ಅಪ್ಪ ಬೈಯುತ್ತಿದ್ದ, ಇವನು ಮುಂದಕ್ಕೂ ಹಿಂದಕ್ಕೂ ತೂಗುತ್ತ ಕೂರುತ್ತಿದ್ದ. ಪಕ್ಕದ ಮನೆಯ ಗಿರಿಜಕ್ಕನಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಅವಳು ಯಾವುದೋ ಸಿನಿಮಾದಲ್ಲಿ ಇಂಥ ಹುಡುಗನೊಬ್ಬ ಬಾಯಲ್ಲೇ ದೊಡ್ಡ ದೊಡ್ಡ ಲೆಕ್ಕ ಮಾಡುವುದನ್ನು ನೋಡಿ ಬಂದಿದ್ದಳು. ಬಂದವಳೇ ಅಣ್ಣನ ಎದುರು ಕೂತು, "ಬಸೂ, ಹದಿನೇಳ ಇಪ್ಪತ್ಮೂರಲೆ ಎಷ್ಟಪಾ?" ಎಂದು ಕೇಳಿದಳು. ಅಣ್ಣ ಬಹಳ ಹೊತ್ತು ಯೋಚನೆ ಮಾಡಿ "ಚಾ" ಎಂದ. ಗಿರಿಜಕ್ಕ ಮೊಬೈಲು ತೆಗೆದು ಲೆಕ್ಕ ಮಾಡಿ ನೋಡಿ, "ತಪ್ಪೈತಿ ನೋಡವಾ" ಎಂದು ಅವ್ವನಿಗೆ ಬೇಸರದಿಂದ ಹೇಳಿದಳು. ಅವ್ವ ಚಹಾಕ್ಕೆ ನೀರಿಟ್ಟಳು.

ಈಗ ನಮ್ಮ ಓಣಿಯ ಒಂದು ಚಾಳಿ ಹೇಳಬೇಕು. ನೇಕಾರರ ಮನೆಗೆ ಯಾರೇ ಹೆಂಗಸು ಬರಲಿ, ಕುಶಲ ಕೇಳುವುದಕ್ಕೂ ಮೊದಲು ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತೇವೆ. "ಯಾರ ಮಗ್ಗದ್ದವಾ ಇದು? ಅಂಚು ಚಲೋ ಕುಂತೈತಿ." ಮುದುಕರು ನೋಡುತ್ತಾರೆ, ಹುಡುಗರು ನೋಡುತ್ತಾರೆ, ಮದುವೆ ಮನೆಯಲ್ಲಿ ಮದುಮಗಳ ಸೆರಗು ಅಕ್ಷತೆ ಬೀಳುವ ಮೊದಲೇ ಹತ್ತು ಕೈ ದಾಟಿರುತ್ತದೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ರೈತರು ಜೋಳದ ತೆನೆ ಹಿಡಿದು ನೋಡಿದಂತೆ, ಅಷ್ಟೇ. ಅಣ್ಣ ಕೂಡ ಹುಟ್ಟಿದಾಗಿನಿಂದ ಇದನ್ನೇ ಕಂಡವನು. ಹೆಚ್ಚಿಗೆ ಅಂದರೆ, ಅವನು ಹಿಡಿದರೆ ಬೇಗ ಬಿಡುತ್ತಿರಲಿಲ್ಲ. ಅವ್ವ ಮಗ್ಗದಿಂದ ಎದ್ದು ಬಂದು ಊಟಕ್ಕೆ ಕೂತಾಗ ಅವಳ ಸೆರಗಿನ ಮೂಲೆ ಅವನ ಎಡಗೈಯಲ್ಲಿ, ರೊಟ್ಟಿಯ ತುಣುಕು ಬಲಗೈಯಲ್ಲಿ. ಅವ್ವನ ಎಷ್ಟೋ ಸೀರೆಗಳ ಮೂಲೆ ಹೀಗೆ ಸವೆದು ಹೋಗಿವೆ. "ಇಲಿ ಕಡದಾವೇನವಾ?" ಎಂದು ಯಾರೋ ಕೇಳಿದ್ದಕ್ಕೆ, "ಹೌದ್ರಿ, ಭಾಳ ದೊಡ್ಡ ಇಲಿ, ಮೀಸಿ ಅದಾವು" ಎಂದಿದ್ದಳು.

ಓಣಿ ಎಲ್ಲಿ ಮುಗಿಯುತ್ತದೆ, ಲೋಕ ಎಲ್ಲಿ ಶುರುವಾಗುತ್ತದೆ ಎಂಬುದು ನಮಗೆಲ್ಲ ಹೇಳದೆಯೇ ತಿಳಿಯುತ್ತದೆ. ಅಣ್ಣನಿಗೆ ತಿಳಿಯುವುದಿಲ್ಲ. ಕಳೆದ ಬೇಸಿಗೆಯಲ್ಲಿ ಅಪ್ಪ ಅವನನ್ನು ಕರೆದುಕೊಂಡು ರೋಣದ ಅತ್ತೆಯ ಮನೆಗೆ ಬಸ್ಸು ಹತ್ತಿದ. ಸೆಕೆಗೆ ಅಪ್ಪನಿಗೆ ಜೋಂಪು ಹತ್ತಿತು. ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು, ಅವಳ ಸೆರಗು ಸೀಟಿನ ಹಿಂದಕ್ಕೆ ಇಳಿಬಿದ್ದಿತ್ತು. ಅಣ್ಣ ಎರಡು ಬೆರಳಲ್ಲಿ ಹಿಡಿದ. ಆಕೆ ತಿರುಗಿ ನೋಡಿ ಕೂಗಿದಳು. ಅಣ್ಣ ಬಿಡಲಿಲ್ಲ. ನಿಂತಿದ್ದ ಒಬ್ಬ ಗಂಡಸು ಕಪಾಳಕ್ಕೆ ಹೊಡೆದ, ಇನ್ನೊಬ್ಬ ಮೊಬೈಲು ತೆಗೆದ. ಅಣ್ಣ ಹೆದರಿದಾಗ ನಗುತ್ತಾನೆ. ಅವನ ಮುಖ ಹಾಗೆ, ಭಯಕ್ಕೆ ಬೇರೆ ಆಕಾರ ಅದಕ್ಕೆ ಗೊತ್ತಿಲ್ಲ. ಏಟು ಹೆಚ್ಚಾದಂತೆ ನಗುವೂ ಹೆಚ್ಚಾಯಿತು. ಅಪ್ಪ ಎಚ್ಚರಾಗಿ ಎದ್ದು ನಿಂತು, ಕೈಮುಗಿದು, ತನಗೆ ತೋಚಿದ ಒಂದೇ ಒಂದು ಖರೇ ಮಾತು ಹೇಳಿದ: "ಬಿಡ್ರಿ ಯಪ್ಪಾ, ನೇಕಾರ ಹುಡುಗ ಅದಾನ್ರಿ, ನೇಯ್ಗಿ ನೋಡಾಕತ್ತಾನ." ಬಸ್ಸಿಗೆ ಬಸ್ಸೇ ನಕ್ಕಿತಂತೆ. ನಾನು ಆ ಬಸ್ಸಿನಲ್ಲಿ ಇರಲಿಲ್ಲ, ಆದರೆ ತೀರ್ಪುಗಾರರ ಮುಂದೆ ಬಹಳ ಸಲ ನಿಂತವಳಾಗಿ ಹೇಳುತ್ತೇನೆ, ಕೆಲವು ಮಾತು ಸತ್ಯವಾಗಿದ್ದಷ್ಟೂ ನಂಬಿಸಲು ಕಷ್ಟ.

ಆ ಮೊಬೈಲಿನವನು ಹರಿಬಿಟ್ಟ ತುಣುಕಿನಲ್ಲಿ ಅಪ್ಪನ ಮಾತು ಇರಲಿಲ್ಲ. ಏಟು ಇತ್ತು, ನಗು ಇತ್ತು, ಕೆಳಗೆ "ಹೊಡೆದರೂ ನಗುವ ನಾಚಿಕೆಗೇಡಿ" ಎಂಬ ಬರಹ ಇತ್ತು. ಸಂಜೆಯೊಳಗೆ ಅದು ನನ್ನ ವಿದ್ಯಾರ್ಥಿಗಳ ಮೊಬೈಲಿಗೂ ಬಂತು. ನಾನು ಸುಮ್ಮನಿರುವವಳಲ್ಲ, ಒಬ್ಬೊಬ್ಬರ ಮಾತಿನ ಕೆಳಗೂ ಉತ್ತರ ಬರೆಯುತ್ತ ಹೋದೆ. ಪೂರ್ವಪಕ್ಷ, ಖಂಡನೆ, ಸಿದ್ಧಾಂತ. ಯಾರೋ ಒಬ್ಬ, "ಅಕ್ಕಾರ, ಇದು ಕಾಲೇಜಲ್ರಿ, ಬೆಲ್ ಹೊಡೀತು, ಮನಿಗಿ ಹೋಗ್ರಿ" ಎಂದು ಬರೆದ. ಹಾಸ್ಯ ಚೆನ್ನಾಗಿತ್ತು, ಒಪ್ಪಬೇಕು. ಆದರೆ ನಾನು ಬರೆದ ಆಟಿಸಂ ಎಂಬ ಒಂದು ಪದ ಮಾತ್ರ ಜನರ ಮನಸ್ಸಿಗೆ ಹತ್ತಿತು. ಕೆಲವೇ ದಿನಗಳಲ್ಲಿ ಗಾಳಿ ತಿರುಗಿ, ನಾಚಿಕೆಗೇಡಿ ಹೋಗಿ ದೇವರ ಮಗು ಬಂತು. ಯೂಟ್ಯೂಬ್ ಚಾನೆಲ್ ನಡೆಸುವ ಒಬ್ಬ ತರುಣ ಮೈಕು, ಸ್ಟ್ಯಾಂಡು ಹೊತ್ತು ನಮ್ಮ ಮನೆಗೆ ಬಂದ. ಬಹಳ ವಿನಯದ ಹುಡುಗ, ಬಾಗಿಲಲ್ಲೇ ಚಪ್ಪಲಿ ಬಿಟ್ಟ.

"ಮೇಡಮ್ಮಾರ, ಅಣ್ಣಾರದು ಸ್ಪೆಷಲ್ ಏನೈತ್ರಿ?"

"ಏನೂ ಇಲ್ಲ."

"ಹಂಗಂದ್ರ ಹ್ಯಾಂಗ್ರಿ. ಇಂಥವರಿಗೆ ಒಂದ್ ಏನರ ಇದ್ದ ಇರತೈತ್ರಿ. ಕಣ್ಣ ಮುಚ್ಚಿ ಸೀರಿ ಮುಟ್ಟಿ ಯಾವ ಮಗ್ಗದ್ದು ಅಂತ ಹೇಳ್ತಾರೇನು?"

"ಕಣ್ಣ ತೆರದೂ ಹೇಳೂದಿಲ್ಲ."

ಅವನು ನಂಬಲಿಲ್ಲ. ಅಣ್ಣನ ಮುಂದೆ ನಮ್ಮದೊಂದು, ಗಿರಿಜಕ್ಕನದೊಂದು, ಅಂಗಡಿಯದೊಂದು ಸೀರೆ ಹರವಿ ಕ್ಯಾಮೆರಾ ಹಚ್ಚಿದ. ಅಣ್ಣ ಮೂರನ್ನೂ ನೋಡಲಿಲ್ಲ. ಮೈಕಿನ ತುದಿಗಿದ್ದ ಸ್ಪಂಜನ್ನು ಬಹಳ ಹೊತ್ತು ನೋಡಿದ. "ಇಷ್ಟೇ ಏನ್ರಿ?" ಎಂದ ತರುಣ. "ಇಷ್ಟೇ" ಎಂದೆ. ಅವನಿಗೆ ಆದ ನಿರಾಸೆ ನೋಡಿ ಅವ್ವ ಎರಡನೇ ಸಲ ಚಹಾ ಕೊಟ್ಟಳು. ಆದರೂ ವಿಡಿಯೊ ಬಂತು. ಕೊಳಲಿನ ದನಿ, ನಿಧಾನಕ್ಕೆ ತಿರುಗುವ ನೂಲಿನ ರಾಟಿ, ಮುಟ್ಟಿಯೇ ಮಗ್ಗ ಗುರುತಿಸುವ ಅಪರೂಪದ ಚೇತನ ಎಂಬ ಮಾತು. ಜನ ಅತ್ತರು. ಹೊಡೆದವನೂ ಅತ್ತಿರಬಹುದು. ಸೀರೆ ಹಿಡಿದು ಪರೀಕ್ಷೆ ಮಾಡಿಸಲು ಬೇರೆ ಊರಿನವರೂ ಬಾಗಿಲಿಗೆ ಬಂದರು.

ಅವರು ಬಂದಾಗ ಅಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿರುತ್ತಿದ್ದ. ಆ ಬಸ್ಸಿನ ದಿನ ಮನೆಗೆ ಬಂದ ಮೇಲೆ ಅಪ್ಪ ಅವನ ಕೈ ಹಿಡಿದು, ಅಳುತ್ತ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದ: "ಮುಟ್ಟಬ್ಯಾಡ ಬಸೂ. ಇನ್ನ ಮುಟ್ಟಬ್ಯಾಡ." ಹಲ್ಲುಜ್ಜುವುದನ್ನು ಕಲಿಯಲು ವರ್ಷಗಟ್ಟಲೆ ತೆಗೆದುಕೊಂಡವನು ಇದನ್ನು ಒಂದೇ ದಿನದಲ್ಲಿ ಕಲಿತ. ಸೆರಗು ಮುಟ್ಟಲಿಲ್ಲ. ನೂಲು ಮುಟ್ಟಲಿಲ್ಲ. ಕಂಡಿಕೆಯ ಬುಟ್ಟಿ ಎದುರಿಗಿಟ್ಟರೆ ಗೋಡೆಯ ಕಡೆ ತಿರುಗಿದ. ಊಟಕ್ಕೆ ಕೂತಾಗ ಅವ್ವ ತಾನಾಗಿ ಸೆರಗಿನ ಮೂಲೆಯನ್ನು ಅವನ ಕಡೆ ಸರಿಸುತ್ತಾಳೆ. ಅವನು ಕೈ ಹಿಂದಕ್ಕೆ ಕಟ್ಟುತ್ತಾನೆ. ಅವ್ವನೇ ತುತ್ತು ಮಾಡಿ ಬಾಯಿಗಿಡಬೇಕು. ಅವಳ ಹೊಸ ಸೀರೆಯ ಮೂಲೆ ಹೊಸದಾಗಿಯೇ ಇದೆ. ಅದನ್ನು ನೋಡಿದಾಗಲೆಲ್ಲ ಅವಳು ಏನಾದರೊಂದು ನೆಪ ಮಾಡಿಕೊಂಡು ಹಿತ್ತಲಿಗೆ ಹೋಗುತ್ತಾಳೆ.

ಇದಕ್ಕೆಲ್ಲ ಯಾರನ್ನಾದರೂ ಹೊಣೆ ಮಾಡಬೇಕಲ್ಲ. ಹೊಡೆದವನ ಪತ್ತೆ ಇಲ್ಲ, ಆದ್ದರಿಂದ ಕೂಗಿದವಳನ್ನು ಹುಡುಕಿದೆ. ಶಾಂತಾ ಅಂತ, ಅಬ್ಬಿಗೇರಿಯವಳು, ಹೆಚ್ಚುಕಡಿಮೆ ಅಣ್ಣನ ವಯಸ್ಸು. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ವಾದ ಕಟ್ಟಿಕೊಂಡು ಹೋದೆ. ಆಕೆ ನೀರು ಕೊಟ್ಟಳು, ಎಲ್ಲ ಕೇಳಿದಳು. ಆಮೇಲೆ ಅಂದಳು: "ತಂಗಿ, ಒಂದ ಕೇಳ್ತೀನಿ. ಬಸ್ಸಿನ್ಯಾಗ ಹಿಂದಿಂದ ಯಾರೋ ನಿನ್ನ ಸೆರಗ ಜಗ್ಗಿದ್ರ, ಯಪ್ಪಾ ನಿನಗೇನ್ ಜಡ್ಡೈತಿ ಅಂತ ಕೇಳಿ ಆಮ್ಯಾಲೆ ಕೂಗ್ತಿಯೇನು?"

ನನ್ನ ಚೀಲದಲ್ಲಿ ಒಂದು ದೊಡ್ಡ ಪಿನ್ನು ಇದೆ. ರೋಣದ ಬಸ್ಸು ಹತ್ತುವಾಗ ದಿನಾ ಅದನ್ನು ಕೈಯಲ್ಲಿ ಹಿಡಿದೇ ಹತ್ತುತ್ತೇನೆ, ಎರಡು ಸಲ ಬಳಸಿದ್ದೇನೆ, ಯಾರಿಗೆ ಏನು ಜಡ್ಡು ಎಂದು ಕೇಳಿಲ್ಲ. ಇದನ್ನು ಆಕೆಗೆ ಹೇಳಿದೆ. ಆಕೆ ನಕ್ಕಳು, ಬಹಳ ಅಲ್ಲ. "ನಾ ಹೊಡದಿಲ್ಲ. ಹೊಡೀರಿ ಅಂತ ಅಂದಿಲ್ಲ. ಆ ವಿಡಿಯೋದಾಗ ನಂದೂ ಮುಖ ಐತಿ. ಮೊದಲ ನನಗ ಹುಲಿ ಅಂದ್ರು, ಎರಡನೇ ವಿಡಿಯೋ ಬಂದ ಮ್ಯಾಲೆ ರಾಕ್ಷಸಿ ಅಂದ್ರು. ಮನ್ಯಾಗ ಈಗ ನನ್ನ ಒಬ್ಬಾಕಿನ್ನ ಬಸ್ಸಿಗಿ ಬಿಡೂದಿಲ್ಲ." ಆಮೇಲೆ "ನಿಮ್ಮಣ್ಣ ಹ್ಯಾಂಗದಾನ?" ಎಂದಳು. ಕೈಯ ಸಂಗತಿ ಹೇಳಿದೆ. ಆಕೆ ತನ್ನ ಸೆರಗಿನ ತುದಿಯನ್ನು ಮಡಿಸಿದಳು, ಬಿಚ್ಚಿದಳು. ನನ್ನ ಜೀವಮಾನದಲ್ಲಿ ಎದುರು ಕಡೆಯವರ ಮಾತು ಪೂರ್ತಿ ಸರಿ ಎಂದು ಒಪ್ಪಿ, ನನ್ನ ಕಡೆಯದನ್ನೂ ಬಿಡಲಾಗದೆ ಎದ್ದು ಬಂದದ್ದು ಅದೊಂದೇ ಸಲ.

ಬಂದ ಮೇಲೆ, ಅಪ್ಪನ ಮಾತನ್ನು ತಿದ್ದುವುದೊಂದೇ ದಾರಿ ಎಂದು ತೀರ್ಮಾನಿಸಿದೆ. ಎಷ್ಟರ ಕೆಲಸ? ಅಣ್ಣನ ಎದುರು ಕೂತು ಶುರು ಮಾಡಿದೆ. ಮನೆಯಲ್ಲಿ ಮುಟ್ಟಬಹುದು, ಬಸ್ಸಿನಲ್ಲಿ ಮುಟ್ಟಬಾರದು. ಹಾಗಾದರೆ ಅವ್ವನ ಜೊತೆ ಬಸ್ಸಿನಲ್ಲಿ ಹೋದರೆ? ಅವ್ವನದು ಮುಟ್ಟಬಹುದು, ಬೇರೆಯವರದು ಬೇಡ. ಗಿರಿಜಕ್ಕ? ಅವಳು ತಾನೇ ಹತ್ತಿರ ಬಂದು ಕೊಟ್ಟರೆ. ಸೀರೆ ಹಿಡಿದು ಪರೀಕ್ಷೆಗೆ ಬರುವ ಬೇರೆ ಊರಿನವರು ಕೊಟ್ಟರೆ? ಇಷ್ಟು ಹೊತ್ತಿಗೆ ನನಗೇ ಗೊಂದಲವಾಗಿತ್ತು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಅಪ್ಪ ಕೈ ನಿಲ್ಲಿಸಿ, "ಸವಿತಾ, ನೀ ಹೇಳೂದು ನನಗ ತಿಳೀವಲ್ದು, ಅವಗೇನ್ ತಿಳೀತೈತಿ" ಎಂದ. ಅಪ್ಪನದು ಎರಡೇ ಶಬ್ದದ ನಿಯಮ, ತೂತಿಲ್ಲದ್ದು. ಅದಕ್ಕೆ ಎದುರು ನಿಲ್ಲುವ ಒಂದು ವಾಕ್ಯ ನನ್ನ ಇಷ್ಟುದ್ದ ನಾಲಿಗೆಯಿಂದ ಹುಟ್ಟಲಿಲ್ಲ.

ನಾನುಟ್ಟ ಸೀರೆಯ ಸೆರಗನ್ನು ಅವನ ಮೊಣಕಾಲಿನ ಮೇಲೆ ಹಾಕಿದೆ. ಅಪ್ಪನೇ ನೇಯ್ದದ್ದು, ಅದರ ಕಂಡಿಕೆ ಅಣ್ಣನೇ ಸುತ್ತಿದ್ದು. ಅವನು ಅದನ್ನು ನೋಡಿದ. ನಕ್ಕ, ಹೆದರಿದಾಗ ನಗುವ ಆ ನಗು. ಕೈ ತೊಡೆಯ ಕೆಳಗೇ ಇತ್ತು, ಬೆರಳುಗಳು ಅಲ್ಲೇ ಒಂದನ್ನೊಂದು ಉಜ್ಜುತ್ತಿದ್ದವು.

"ಅಣ್ಣಾ, ಮುಟ್ಟು ಅಂತ ಯಾರು ಹೇಳಿದ್ರ ನೀ ನಂಬತಿ?"